ತಟ್ಟೆ ಕಿತ್ತುಕೊಂಡ ಹಂಚಿನಾಳ ಸರ್

ಹಂಚಿನಾಳ ಸರ್‌ಗೆ ಸಿಟ್ಟು ಬಂದರೆ ಮೊದಲು ಸಾಯುತ್ತಿದ್ದದ್ದು ಕೀಬೋರ್ಡು. ನಾನು ಕಂಡಂತೆ ನಾಲ್ಕು ಹೋಗಿವೆ. ಒಂದನ್ನು ಮೊಣಕಾಲಿಗೆ ಕೊಟ್ಟು ಕಬ್ಬು ಮುರಿದಂತೆ ಲಟಕ್ಕೆಂದು ಮುರಿದರು. ಇನ್ನೊಂದನ್ನು ಗೋಡೆಗೆ ಬೀಸಿದಾಗ ಉದುರಿದ ಗುಂಡಿಗಳು ವಾರಗಟ್ಟಲೆ ಕಾರ್ಪೆಟ್ಟಿನಲ್ಲಿ ಸಿಗುತ್ತಿದ್ದವು. ಧಾರವಾಡದ ಕಡೆಯ ಆರಡಿ ಆಳು, ಐವತ್ತು ದಾಟಿದವರು. ಕಡಲಾಚೆ ಎಲಿಕಾಟ್ ಸಿಟಿಯ ನಮ್ಮ ಪುಟ್ಟ ಆಫೀಸಿನಲ್ಲಿ ಅವರ ಬೂಟಿನ ಸದ್ದು ಕೇಳಿದರೆ ಮೈಸೂರಿನವನಾದ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಇಂಥವರ ಕೈಕೆಳಗೆ ದುಡಿಯುವ ಹಣೆಬರಹ ನನಗೇ ಯಾಕೆ ಬಂತಪ್ಪ ಎಂದು ದಿನಾ ಗೊಣಗುತ್ತಿದ್ದೆ.

ನಾವು ಮಾಡುತ್ತಿದ್ದದ್ದು ತುರ್ತು ಕರೆಗಳ ಕಂಟ್ರೋಲ್ ರೂಮಿಗೆ ಬೇಕಾದ ಸಾಫ್ಟ್‌ವೇರ್. ಬಂದ ಕರೆಗಳು ಪರದೆಯ ಮೇಲೆ ಒಂದರ ಕೆಳಗೊಂದು ಪಟ್ಟಿಯಾಗಿ ನಿಲ್ಲುತ್ತವೆ. ಆಪರೇಟರ್ ಒಂದು ಸಾಲನ್ನು ಕ್ಲಿಕ್ ಮಾಡಿದರೆ ಆ ವಿಳಾಸಕ್ಕೆ ಪೊಲೀಸ್ ಕಾರು ಹೊರಡುತ್ತದೆ. ಆ ಪಟ್ಟಿಯನ್ನು ಮೇಲೆ ಕೆಳಗೆ ಸರಿಸುವ, ಪರದೆಯ ಅಂಚಿನ ಸ್ಕ್ರೋಲ್‌ಬಾರ್ ನನ್ನ ಪಾಲಿಗೆ ಬಂತು. ಹೊಸ ಕರೆ ಬಂದೊಡನೆ ಪಟ್ಟಿ ತಾನೇ ಕೆಳಕ್ಕೆ ಜಾರಿ ಅದನ್ನು ತೋರಿಸುವಂತೆ ಬರೆದು, ಭಾರಿ ಜಾಣ ನಾನು ಎಂದು ಬೀಗುತ್ತಿದ್ದೆ.

ಸರ್ ಅದನ್ನು ನೋಡಿದಾಗ ನಾನು ಬಿಸಿಬೇಳೆಬಾತ್ ತಿನ್ನುತ್ತಿದ್ದೆ. ಬಂದವರೇ ತಟ್ಟೆ ಕಿತ್ತುಕೊಂಡು ಕಸದ ಬುಟ್ಟಿಗೆ ಎಸೆದರು. ಬಾತು ನನ್ನ ಅಂಗಿಗೂ ಸಿಡಿಯಿತು.

“ಉಣ್ಣೋವ್ನ ತಾಟು ಕಸಗೊಂಡ್ರ ಹೆಂಗಾಗತೈತಿ, ತಿಳೀತೇನ್ ತಮ್ಮಾ? ಅಲ್ಲಿ ಆಪರೇಟರ್ ಮ್ಯಾಲಿನ ಸಾಲು ಓದಾಕತ್ತಾಳ. ನೀ ಕಸಗೊಂಡು ಕೆಳಗ ಒಯ್ದಿ.”

ಓದುವವರು ಪಟ್ಟಿಯ ಕೆಳತುದಿಯಲ್ಲೇ ಇದ್ದರೆ ಮಾತ್ರ ಅದು ಹೊಸ ಕರೆಗೆ ಜಾರಲಿ, ಮೇಲೆಲ್ಲೋ ಇದ್ದರೆ ಕದಲಕೂಡದು ಎಂದರು. ಹಸಿವು, ಅವಮಾನ ಎರಡೂ ಸೇರಿ ನನಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ತಿದ್ದಿದೆ. ಮೌಸಿನ ಚಕ್ರ ತಿರುಗಿಸಿ ಮೇಲೆ ಹೋದರೆ ಪಟ್ಟಿ ನಿಲ್ಲುತ್ತಿತ್ತು. ಸ್ಕ್ರೋಲ್‌ಬಾರನ್ನೇ ಹಿಡಿದು ಎಳೆದರೆ ಏನಾಗುತ್ತದೆಂದು ನೋಡಲೇ ಇಲ್ಲ. ಈ ಕಾಲದಲ್ಲಿ ಯಾರು ಹಾಗೆ ಎಳೆಯುತ್ತಾರೆ? ಎಲ್ಲಾ ಟೆಸ್ಟ್ ಮಾಡಿದೀನಿ ಸರ್ ಎಂದುಬಿಟ್ಟೆ. ಅವರು ನಂಬಿದರು.

ಕ್ಯಾರೊಲೈನಾದ ನಮ್ಮ ಜಿಲ್ಲೆಯಂಥ ಒಂದು ಸಣ್ಣ ಕೌಂಟಿಯ ಕಂಟ್ರೋಲ್ ರೂಮಿಗೆ ಅದನ್ನು ಹಾಕಿಕೊಡಲು ಇಬ್ಬರೂ ಡ್ರೈವ್ ಮಾಡಿಕೊಂಡು ಹೋದೆವು. ಅಲ್ಲಿನ ಆಪರೇಟರ್ ವಯಸ್ಸಾದ ಹೆಂಗಸು, ಸ್ಕ್ರೋಲ್‌ಬಾರ್ ಹಿಡಿದೇ ಎಳೆಯುವ ಅಭ್ಯಾಸ. ಬೆಳಗ್ಗೆ ಹತ್ತರ ಹೊತ್ತಿಗೆ ಒಬ್ಬಳು ಬಾತ್‌ರೂಮಿನಿಂದ ಕರೆ ಮಾಡಿ, ಗಂಡ ಬೇಸ್‌ಬಾಲ್ ಬ್ಯಾಟಿನಿಂದ ಬಾಗಿಲು ಒಡೆಯುತ್ತಿದ್ದಾನೆ ಎಂದಳು. ಕರೆ ಕಟ್ಟಾಯಿತು. ಅಷ್ಟರಲ್ಲಿ ಬೇರೆ ಕರೆಗಳು ಬಂದು ಅವಳ ಸಾಲು ಮೇಲೆ ಸರಿದಿತ್ತು. ಆಪರೇಟರ್ ಪಟ್ಟಿಯನ್ನು ಎಳೆದು, ಸಾಲು ಹುಡುಕಿ, ಕ್ಲಿಕ್ ಮಾಡುವ ಕ್ಷಣಕ್ಕೆ ಇನ್ನೊಂದು ಕರೆ ಬಂತು. ಪಟ್ಟಿ ಜಾರಿ ಕ್ಲಿಕ್ ಬೇರೆ ಸಾಲಿಗೆ ಬಿತ್ತು. ಬೇಲಿ ಮುರಿದಿದೆ ಎಂದು ದೂರಿದ್ದ ಯಾರದೋ ಮನೆಗೆ ಪೊಲೀಸ್ ಕಾರು ಹೋಯಿತು.

ಬಾತ್‌ರೂಮಿನ ಆ ಹೆಂಗಸು ಮತ್ತೆ ಕರೆ ಮಾಡಿದಾಗ ಸ್ಪೀಕರಿನಲ್ಲಿ ಮಾತಿರಲಿಲ್ಲ. ಮರ ಸೀಳುವ ಸದ್ದು, ಏಟಿನ ಮೇಲೆ ಏಟು, ಚೀತ್ಕಾರ. ಪೊಲೀಸರು ಅಲ್ಲಿಗೆ ತಲುಪುವಷ್ಟರಲ್ಲಿ ಅವಳ ಬಲಗೈ ಎರಡು ಕಡೆ ಮುರಿದಿತ್ತು. ಸರ್ ನನ್ನತ್ತ ಒಮ್ಮೆ ನೋಡಿದರು. ಇವತ್ತು ನನಗೆ ಗ್ಯಾರಂಟಿ ಬೀಳುತ್ತದೆ ಎಂದುಕೊಂಡೆ. ಅವರು ನನ್ನ ಮೈ ಮುಟ್ಟಲಿಲ್ಲ.

ಮರುದಿನದ ಮೀಟಿಂಗಿನಲ್ಲಿ ಮ್ಯಾನೇಜರ್, ತಪ್ಪು ಆಪರೇಟರಿನದು ಎಂದು ರಿಪೋರ್ಟ್ ಬರೆದುಬಿಡೋಣ ಎಂದ. ಸರ್ ಲ್ಯಾಪ್‌ಟಾಪನ್ನು ಎತ್ತಿ ಮೇಜಿಗೆ ಅಪ್ಪಳಿಸಿದರು. ಪರದೆ ಚೂರಾಗಿ, ಮಣಿಕಟ್ಟು ಕೊಯ್ದು, ರಿಪೋರ್ಟಿನ ಹಾಳೆಗಳ ಮೇಲೆ ರಕ್ತ ಸುರಿಯಿತು. “ಆ ಕೋಡ್ ಬರೆದವನು ನಾನು, ಹಾಗೇ ಬರೆಯಿರಿ” ಎಂದು ಇಂಗ್ಲಿಷಿನಲ್ಲಿ ಗುಡುಗಿದರು. ನಾನು ವೀಸಾದ ಮೇಲಿದ್ದವನು, ಕೆಲಸ ಹೋದರೆ ದೇಶ ಬಿಡಬೇಕಿತ್ತು. ಬಾಯಿ ಬಿಡಲಿಲ್ಲ. ಸಂಜೆಯೊಳಗೆ ಅವರನ್ನು ಕೆಲಸದಿಂದ ತೆಗೆದರು.

ಎರಡು ವರ್ಷದ ಮೇಲೆ ನಮ್ಮ ಆಫೀಸಿನ ಆಸುಪಾಸಿನ ಲ್ಯಾನ್‌ಹ್ಯಾಮ್‌ನ ದೇವಸ್ಥಾನದ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿನ್ನುತ್ತಿದ್ದೆ. ಹಿಂದಿನಿಂದ ದೊಡ್ಡ ಕೈಯೊಂದು ಬಂದು ತಟ್ಟೆ ಹಿಡಿಯಿತು. ಮಣಿಕಟ್ಟಿನಲ್ಲಿ ಹೊಲಿಗೆಯ ಗುರುತು. ನಾನು ಎರಡೂ ಕೈಯಲ್ಲಿ ತಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡೆ. ಸರ್ ನಕ್ಕರು. ತಪ್ಪಾಯಿತು ಸರ್ ಎನ್ನಲು ಬಾಯಿ ತೆರೆದೆ. ಅವರು ಬಿಡಲಿಲ್ಲ.

“ಅದಿರ್ಲಿ. ಆ ಹೆಣ್ಮಗಳ ಕೈ ನೆಟ್ಟಗಾತೇನು?”

ನಾನಿನ್ನೂ ಅದೇ ಕಂಪನಿಯಲ್ಲಿದ್ದೆ. ಆ ಕೌಂಟಿಗೆ ಮೂರು ಸಲ ಹೋಗಿಬಂದಿದ್ದೆ. ಒಂದು ಸಲವೂ ವಿಚಾರಿಸಿರಲಿಲ್ಲ. ಗೊತ್ತಿಲ್ಲ ಸರ್ ಎಂದೆ.

ಅವರ ನಗು ಹೋಯಿತು. ಬೈಯಲಿ ಎಂದು ಕಾದೆ. ಅವರು ತಟ್ಟೆಯನ್ನು ಮೆಲ್ಲಗೆ ನನ್ನತ್ತ ಸರಿಸಿ, “ಉಣ್ಣು” ಎಂದು ಹೊರಟುಹೋದರು. ಆಮೇಲೆ ಎಲ್ಲೂ ಸಿಗಲಿಲ್ಲ. ಅವತ್ತು ಆ ತಟ್ಟೆಯನ್ನೂ ಎತ್ತಿ ಎಸೆದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.