ಹೊಗೆಯ ಬಣ್ಣ

ಹೋದ ವಾರ ಪಕ್ಕದ ಮನೆಯ ಹೊಸ ಬಾಗಿಲಿಗೆ ಅಗಸೆ ಎಣ್ಣೆ, ಟರ್ಪೆಂಟೈನ್ ಕೂಡಿಸಿ ಬಳಿಯುತ್ತಿದ್ದರು. ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಒಲೆಯ ಮೇಲಿನ ಹಾಲು ಮರೆತೆ. ಮರಕ್ಕೆ ಎಣ್ಣೆ, ಬಣ್ಣ ಹಚ್ಚುತ್ತಿದ್ದ ನಮ್ಮ ಹಳೇ ಓಣಿಯ ಪಾಲಿಶ್ ಚಾಚಾ ಬಂದು ನಮ್ಮ ಕಟ್ಟೆಯ ಮೇಲೆ ಕೂತಂತಾಯಿತು...

ಹಳೇ ಬಾಗಲಕೋಟೆಯ ನಮ್ಮ ಓಣಿಗೆ ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಗೊತ್ತಾದ ಮೇಲೆ ಎಲ್ಲರಂತೆ ನಾವೂ ಮನೆ ಬಿಚ್ಚಿದೆವು. ಬಾಗಿಲು, ಕಂಬ, ಅಡುಗೆಮನೆಯ ಮಾಳಿಗೆಯ ತೇಗದ ಹಲಗೆ ಎಲ್ಲವೂ ಟ್ರ್ಯಾಕ್ಟರಿನಲ್ಲಿ ನವನಗರಕ್ಕೆ ಬಂದವು. ಅವ್ವನದು ಒಂದೇ ಮಾತು: ಆ ಹಲಗೆಗಳನ್ನು ಹೊಸ ಮನೆಯ ಮುಂದಿನ ಕಟ್ಟೆಗೆ ಹಾಸಬೇಕು, ತಾನು ಅವುಗಳ ಮೇಲೆ ಕೂತು ಜೋಳ ಹಸನು ಮಾಡಬೇಕು. ಇಷ್ಟು ಹೇಳಿ ಕುಳಗೇರಿ ಕ್ರಾಸಿನ ತಂಗಿಯ ಮನೆಗೆ ಹೋಗಿಬಿಟ್ಟಳು. ಮನೆ ಬಿಚ್ಚುವುದನ್ನು ಅವಳಿಗೆ ನೋಡಲಾಗಿರಲಿಲ್ಲ.

ನಾನೋ, ಆಗಷ್ಟೇ ಟೀಚರಾದ ಮಹಾ ಜಾಣೆ. ಹಲಗೆಗಳು ಕಪ್ಪಾಗಿವೆ, ಹೊಲಸಾಗಿವೆ ಎಂದು ಬಡಿಗನಿಂದ ಎಲ್ಲವನ್ನೂ ಕೆತ್ತಿಸಿ ಬೆಳ್ಳಗೆ ಮಾಡಿಸಿದೆ. ಸಂಜೆ ಅಪ್ಪ ನೋಡಿ ಹಣೆ ಬಡಿದುಕೊಂಡ.

"ಅದು ನಿಮ್ಮಜ್ಜಿ ಒಲಿ ಹೊಗಿ. ನಿಮ್ಮವ್ವಗ ಅದ ಬೇಕಾಗಿತ್ತು."

ಅತ್ತೆ ಸೊಸೆ ಕೂಡಿ ಮೂವತ್ತು ವರ್ಷ ರೊಟ್ಟಿ ಬಡಿದ ಹೊಗೆ. ಅಜ್ಜಿ ತೀರಿಕೊಂಡ ಮೇಲೆ, ಮನೆಯೂ ಹೋದ ಮೇಲೆ, ಅವ್ವನಿಗೆ ಉಳಿದಿದ್ದ ಗುರುತು ಅದೊಂದೇ. ಅವಳು ಬರಲು ನಾಲ್ಕು ದಿನವಿತ್ತು.

ಓಡಿದ್ದು ಚಾಚಾನ ಹತ್ತಿರ. ಅವರ ಮನೆಯೂ ನಮ್ಮ ಓಣಿಯ ಜೊತೆಗೇ ನೀರಿಗೆ ಹೋಗಿತ್ತು. ಅವರು ಬಂದು, ಹಲಗೆಯ ಮೇಲೆ ಬೆರಳಿನಿಂದ ಒಂದು ಹನಿ ನೀರು ಬಿಟ್ಟು, ಅದು ಇಂಗುವವರೆಗೆ ಸುಮ್ಮನೆ ನೋಡುತ್ತ ಕೂತರು. ಹನಿ ಇಂಗುವ ವೇಗದ ಮೇಲೆ ಎಷ್ಟು ಎಣ್ಣೆ ಬೇಕೆಂದು ಹೇಳುವುದು ಅವರ ಪದ್ಧತಿ.

"ಭಾಳ ನೀರಡಿಸೈತಿ. ಐದು ಲೀಟರ್ ಕುಡೀತೈತಿ."

ಆಮೇಲೆ ಬಣ್ಣದ ಮಾತು: ಹೊಗೆಯ ಕಪ್ಪು ಮತ್ತೆ ಬರಬೇಕೆಂದೆ. ಉಳಿದ ತುಂಡುಗಳ ಮೇಲೆ ದಿನಕ್ಕೊಂದು ಬಳಿದು ತೋರಿಸಿದರು. ಚಹಾದ ಕಷಾಯ, ಕೆಂಪು ಜಾಜು, ದೀಪದ ಕಾಡಿಗೆ... ಮಧ್ಯಾಹ್ನದ ಬಿಸಿಲಲ್ಲಿ ಅವು ಸಾಲಾಗಿ ಒಣಗುತ್ತಿದ್ದವು. ಈಗಲೂ ಕಣ್ಣು ಮುಚ್ಚಿದರೆ ಆ ಬಣ್ಣಗಳು ಒಂದರೊಳಗೊಂದು ಕರಗುತ್ತವೆ. ನನಗೆ ಯಾವುದೂ ಒಪ್ಪಿಗೆಯಾಗಲಿಲ್ಲ. ನಾಲ್ಕನೇ ದಿನ ಚಾಚಾ ಬ್ರಶ್ ಕೆಳಗಿಟ್ಟರು.

"ಬೇಟಿ, ಮೂವತ್ತು ವರ್ಷದ ಹೊಗಿ ನನ್ನ ಡಬ್ಬಿಯೊಳಗ ಎಲ್ಲೈತಿ? ನಿಮ್ಮವ್ವನ ಕಣ್ಣಿಗೆ ಮೋಸಾ ಮಾಡೂ ಕೆಲಸಾ ನನ್ನಿಂದ ಆಗೂದಿಲ್ಲ."

ಕಟ್ಟೆಗೆ ಹಾಸಿದ್ದ ಹಲಗೆಗಳಿಗೆ ಬರೀ ಅಗಸೆ ಎಣ್ಣೆ ತಿಕ್ಕಿದರು. ಮರ ಬೆಲ್ಲದ ಬಣ್ಣಕ್ಕೆ ತಿರುಗಿತು. ಚೆಂದವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಕೊನೆಯ ಹಲಗೆ ಒರೆಸುತ್ತಿದ್ದಾಗ ಅವ್ವ ಬಂದಳು. ಚೀಲ ಇನ್ನೂ ಕೈಯಲ್ಲೇ ಇತ್ತು.

"ಯಾರು ಕೆತ್ತಿಸಿದ್ರು ಇದನ್ನ?"

ಚಾಚಾ ತಲೆ ಎತ್ತದೆ ಹೇಳಿದರು: "ನಾನರಿ ಅಕ್ಕಾರ. ಕೇಳಬೇಕಾಗಿತ್ತು, ಕೇಳಲಿಲ್ಲ. ತಪ್ಪಾತು."

ಸುಳ್ಳು ಬಣ್ಣ ಹಚ್ಚಲು ಒಲ್ಲೆ ಎಂದ ಮನುಷ್ಯ... ಅವ್ವ ಬಾಯಿಗೆ ಬಂದಂತೆ ಬೈದಳು. ಅವರು ಡಬ್ಬಿ ಮುಚ್ಚಿ, ಬಟ್ಟೆ ಮಡಚಿಕೊಂಡು ಹೋದರು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಾನು ಮಾಡಿದ್ದನ್ನು ಅವರು ಉಂಡರು. ನಾನು ಸುಮ್ಮನಿದ್ದೆ, ಅಪ್ಪನೂ ಸುಮ್ಮನಿದ್ದ. ನಮ್ಮ ಸಾಲಿನ ಮನೆಗಳವರು ಅವರನ್ನು ಮತ್ತೆ ಕೆಲಸಕ್ಕೆ ಕರೆಯದಂತೆ ಅವ್ವ ನೋಡಿಕೊಂಡಳು. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಹೋದ ವಾರ ಆ ವಾಸನೆಗೆ ಅವ್ವ ಮತ್ತೆ ಶುರು ಮಾಡಿದಳು. "ನನ್ನ ಹಲಗಿ ಹಾಳ ಮಾಡಿದಾಂವ..." ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಅವ್ವ ಎದ್ದು, ಸೆರಗು ಹೊದ್ದು, ಚಪ್ಪಲಿ ಮೆಟ್ಟಿದಳು.

"ಅವರ ಮನಿ ಎಲ್ಲೈತಿ? ನಡಿ, ಹೋಗೂನು."

ಚಾಚಾ ತೀರಿಕೊಂಡು ಎರಡು ವರ್ಷವಾಗಿತ್ತು. ಅದನ್ನೂ ನಾನೇ ಹೇಳಬೇಕಾಯಿತು.