ಎಡಗೈಯ ಕಿರುಬೆರಳು

ಆಪರೇಷನ್ ಥಿಯೇಟರಿನ ಕೆಲಸ ಕಲಿಯಲು ಸೇರಿದ ಮೊದಲ ತಿಂಗಳು ನನಗೆ ಕಲಿಸಿದ್ದು ಒಂದೇ ವಿದ್ಯೆ, ಕೈ ತೊಳೆಯುವುದು. ಜೀವಶಾಸ್ತ್ರದಲ್ಲಿ ತರಗತಿಗೇ ಮೊದಲು ಬಂದವಳು ನಾನು. ಅಂಥವಳನ್ನು ನಲ್ಲಿಯ ಮುಂದೆ ನಿಲ್ಲಿಸಿ ಬೆರಳಿನಿಂದ ಮೊಣಕೈವರೆಗೆ ಉಜ್ಜು ಎಂದರು. ನೀರು ಬೆರಳ ತುದಿಯಿಂದ ಮೊಣಕೈಗೆ ಇಳಿಯಬೇಕು, ಹಿಂದಕ್ಕೆ ಬರಬಾರದು. ತೊಳೆದ ಕೈ ಎದೆಯ ಮುಂದಿರಬೇಕು, ಸೊಂಟದ ಕೆಳಗೆ ಇಳಿಯಬಾರದು. ಶುದ್ಧ ಮಾಡಿಟ್ಟ ಹಸಿರು ಬಟ್ಟೆಯ ಮೇಲಿರುವುದನ್ನು ಬಿಟ್ಟು ಬೇರೇನನ್ನೂ ಮುಟ್ಟಬಾರದು.

ಬನಾರಸಿನ ಸೋನಾರ್‌ಪುರದ ಹಿಂದಿನ ಗಲ್ಲಿಯ ನಮ್ಮ ಮನೆಯಲ್ಲಿ ಇದನ್ನೆಲ್ಲ ವರದಿ ಒಪ್ಪಿಸಿದಾಗ ಅಜ್ಜಿ ಬಿದ್ದು ಬಿದ್ದು ನಕ್ಕಳು. ಅಪ್ಪ ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಗಂಗಾಪೂಜೆ ಮಾಡಿಸುವವರು. ಮನೆಯೊಳಗಿನ ಮಡಿ ಇಲಾಖೆಗೆ ಮಾತ್ರ ಅಜ್ಜಿಯೇ ಪೊಲೀಸ್ ದರೋಗಾ.

"ಮಡಿ ಅನ್ನೇ, ಮಡಿ! ಹುಟ್ಟಿದಾಗಿನಿಂದ ಹೇಳಿಕೊಟ್ಟೆ, ಕಿವಿಗೇ ಹಾಕ್ಕೊಳ್ಳಲಿಲ್ಲ. ಈಗ ಫೀಸು ಕಟ್ಟಿ ಅದನ್ನೇ ಕಲೀತಿದ್ದೀಯಾ?"

"ಇದು ಬೇರೆ ಅಜ್ಜಿ. ಇದು ಸೈನ್ಸು."

"ಮಡಿ ಸೀರೆ ನಾನು ಕೋಲಲ್ಲಿ ತೆಗೀತೀನಿ. ನಿಮ್ಮ ಹಸಿರು ಬಟ್ಟೆ ಯಾತರಲ್ಲಿ ತೆಗೀತೀರಿ?"

"ಇಕ್ಕಳದಲ್ಲಿ," ಎಂದೆ. ಅಜ್ಜಿ ಎರಡು ದಿನ ಗಲ್ಲಿಯವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದಳು.

ಥಿಯೇಟರಿನ ಉಸ್ತುವಾರಿ ಸಿಸ್ಟರ್ ಬನಾರಸಿನಲ್ಲೇ ಹುಟ್ಟಿ ಬೆಳೆದವರು. ಹೊರಗಿದ್ದಾಗ ಬಾಯಿ ತುಂಬ ಪಾನ್, ಒಳಗೆ ಬಂದರೆ ಬಾಯಿ ತುಂಬ ಬೈಗುಳ. ಅವರು ಆಡುತ್ತಿದ್ದದ್ದು ಅಪ್ಪಟ ಬನಾರಸಿ ಹಿಂದಿ. ಇಲ್ಲಿ ಅದನ್ನು ನಮ್ಮ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಖಾರ ಸ್ವಲ್ಪ ಕಡಿಮೆಯಾಗಿರುತ್ತದೆ.

ಮೂರನೆಯ ತಿಂಗಳು ನನ್ನನ್ನು ಮೊದಲ ಸಲ ಟೇಬಲ್ಲಿನ ಬಳಿ ನಿಲ್ಲಿಸಿದರು. ಡಾಕ್ಟರ್ ಸಾಹೇಬರು ಕೈ ಚಾಚಿದಾಗ ಕೇಳಿದ ಉಪಕರಣವನ್ನು ಅಂಗೈಗೆ ಕೊಡುವುದು ನನ್ನ ಕೆಲಸ. ಗೌನು, ಗ್ಲೌಸು, ಮಾಸ್ಕು ಎಲ್ಲ ತೊಟ್ಟು ಮದುವಣಗಿತ್ತಿಯಂತೆ ಅಳುಕುತ್ತ ಬಂದೆ. ನಿಲ್ಲುವ ಜಾಗಕ್ಕೆ ಸರಿಯುವಾಗ ನನ್ನ ಕಾಲು ಸಾಹೇಬರ ಕಾಲಿಗೆ ತಗುಲಿತು. ಹಿರಿಯರಿಗೆ ಕಾಲು ತಗುಲಿದರೆ ನಮ್ಮ ಮನೆಯ ಮಕ್ಕಳು ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಥಟ್ಟನೆ ಬಗ್ಗಿ, ಗ್ಲೌಸಿನ ಕೈಯಲ್ಲಿ ಅವರ ಚಪ್ಪಲಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಎದ್ದು ನಿಂತಾಗ ಥಿಯೇಟರಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಖುಷ್ ರಹೋ, ಬಿಟಿಯಾ," ಎಂದು ಸಾಹೇಬರು ಗಂಭೀರವಾಗಿ ಆಶೀರ್ವಾದ ಮಾಡಿದರು. ಅರಿವಳಿಕೆ ಕೊಡುವ ಡಾಕ್ಟರು ಗೋಡೆಯ ಕಡೆ ತಿರುಗಿ ನಗತೊಡಗಿದರು.

ಸಿಸ್ಟರ್ ಮಾತ್ರ ನಗಲಿಲ್ಲ. "ಆಶೀರ್ವಾದ ಸಿಕ್ತಲ್ಲ, ಈಗ ಆಚೆ ನಡಿ," ಎಂದರು. ಆಪರೇಷನ್ ಮುಗಿದ ಮೇಲೆ ನನ್ನನ್ನು ಕರೆದು ಹೇಳಿದರು: "ನನ್ನ ಥಿಯೇಟರಿನಲ್ಲಿ ಇಂಥ ತಪ್ಪಿಗೆ ಒಂದೇ ಸಲ ಮಾಫಿ. ಇನ್ನೊಂದು ಸಲ ಕೈ ಎಲ್ಲಿಗಾದರೂ ತಗುಲಿದರೆ ಟೇಬಲ್ ಮರೆತುಬಿಡು. ಪರೀಕ್ಷೆವರೆಗೂ ತೊಳೆಯುವ ಕೋಣೆ."

ತೊಳೆಯುವ ಕೋಣೆಯೆಂದರೆ ರಕ್ತ ಮೆತ್ತಿದ ಕತ್ತರಿ, ಇಕ್ಕಳಗಳನ್ನು ಬ್ರಷ್ಷಿನಿಂದ ಉಜ್ಜುವ ಜಾಗ. ಕೆಲಸಕ್ಕೆ ನಾನು ಹೆದರುವವಳಲ್ಲ. ಹೆದರಿಕೆಯಿದ್ದದ್ದು ಬೇರೆಯದಕ್ಕೆ. ನಾವು ಟೇಬಲ್ಲಿನ ಬಳಿ ನಿಂತ ಒಂದೊಂದು ಆಪರೇಷನ್ನನ್ನೂ ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಬೇಕಿತ್ತು. ಆ ಪುಸ್ತಕ ತುಂಬದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಒಂದು ವರ್ಷ ಗಂಗೆಯ ಪಾಲು.

ಅಲ್ಲಿಂದ ನನಗೆ ಹುಚ್ಚೇ ಹಿಡಿಯಿತು. ಮನೆಯ ನಲ್ಲಿಯನ್ನು ಮೊಣಕೈಯಿಂದ ತಿರುಗಿಸಿದೆ. ಅಸ್ಸಿ ಘಾಟಿನಿಂದ ಬರುವ ಇ-ರಿಕ್ಷಾದಲ್ಲಿ ಎರಡೂ ಕೈ ಎದೆಯ ಮುಂದೆ ಹಿಡಿದು ಕೂತಿದ್ದರೆ, ಎದುರಿಗೆ ಕೂತ ಮುದುಕರು ನಾನು ನಮಸ್ಕಾರ ಮಾಡುತ್ತಿದ್ದೇನೆಂದುಕೊಂಡು ದಾರಿಯುದ್ದಕ್ಕೂ ತಲೆಯಾಡಿಸಿದರು. ಅಡುಗೆಮನೆಯಲ್ಲಿ ನಾನು ಅಜ್ಜಿಗೇ "ಅದನ್ನ ಮುಟ್ಟಿ ಇದನ್ನ ಮುಟ್ಟಬೇಡ" ಎಂದು ಗದರುವಷ್ಟು ಮುಂದುವರಿದೆ. "ಮೊಮ್ಮಗಳನ್ನ ಓದಿಸಿದ್ದಕ್ಕೆ ಅತ್ತೆಯನ್ನ ತಂದಿಟ್ಟಂಗಾಯ್ತು," ಎಂದು ಅಜ್ಜಿ ಗೊಣಗಿದಳು. ಅಂತೂ ಟೇಬಲ್ಲಿನ ಬಳಿ ನನ್ನ ಕೈ ಪಳಗಿತು. ಪುಸ್ತಕವೂ ಅರ್ಧಕ್ಕಿಂತ ಹೆಚ್ಚು ತುಂಬಿತು.

ಆಗ ಬಂತು ಆ ಹರ್ನಿಯಾ ಕೇಸು. ಎಲ್ಲ ಸರಾಗವಾಗಿ ನಡೆದು ಹೊಲಿಗೆ ಹಾಕುವ ಹೊತ್ತು. ಸೂಜಿ ತೆಗೆದುಕೊಳ್ಳಲು ತಿರುಗಿದಾಗ ನನ್ನ ಎಡಗೈಯ ಕಿರುಬೆರಳು ಡ್ರಿಪ್ ನೇತುಹಾಕಿದ ಕಂಬಿಯನ್ನು ಸವರಿತು. ತಗುಲಿತು ಎನ್ನುವುದೂ ಹೆಚ್ಚು, ಸವರಿತು ಅಷ್ಟೇ. ಸುತ್ತ ನೋಡಿದೆ. ಸಾಹೇಬರ ಕಣ್ಣು ಗಾಯದ ಮೇಲಿತ್ತು. ಸಿಸ್ಟರ್ ಬೆನ್ನು ಹಾಕಿ ಏನೋ ಬರೆಯುತ್ತಿದ್ದರು. ಯಾರೂ ನೋಡಿರಲಿಲ್ಲ.

ಆ ಕ್ಷಣ ನನ್ನೊಳಗೆ ನಡೆದ ವಕಾಲತ್ತು ಯಾವ ಕೋರ್ಟಿನಲ್ಲೂ ನಡೆದಿರಲಾರದು. ಕಂಬಿಯನ್ನು ಬೆಳಿಗ್ಗೆ ತಾನೇ ಒರೆಸಿದ್ದಾರೆ. ಕಿರುಬೆರಳಿನಿಂದ ಯಾರು ಸೂಜಿ ಕೊಡುತ್ತಾರೆ? ಬಲಗೈ ಒಂದರಲ್ಲೇ ಕೊಟ್ಟರಾಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಹಾಗೆ ನಾನೂ ಕಣ್ಣು ಮುಚ್ಚುವುದರಲ್ಲಿದ್ದೆ. ಸಾಹೇಬರು ಕೈ ಚಾಚಿದರು. ಆ ಅಂಗೈಯ ಕೆಳಗೆ ಯಾರದೋ ಹೊಟ್ಟೆ ತೆರೆದಿತ್ತು.

"ನನ್ನ ಎಡಗೈ ತಗುಲಿತು," ಎಂದುಬಿಟ್ಟೆ.

ಸಿಸ್ಟರ್ ತಿರುಗಿದರು. "ಎಲ್ಲಿಗೆ?"

"ಕಂಬಿಗೆ."

"ಯಾರು ನೋಡಿದ್ರು?"

"ಯಾರೂ ಇಲ್ಲ."

ಗ್ಲೌಸು ಬದಲಾಯಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಹೊಲಿಗೆ ಮುಗಿಯಿತು, ಹರ್ನಿಯಾದವನು ನಾಲ್ಕು ದಿನದಲ್ಲಿ ಕಚೌರಿ ಕೇಳತೊಡಗಿದ. ಸತ್ಯ ಹೇಳಿದವಳಿಗೆ ಸಿಸ್ಟರ್ ಬೆನ್ನು ತಟ್ಟಿ ಶಹಭಾಸ್ ಎನ್ನುತ್ತಾರೆಂದು ನನಗೂ ಒಂದು ಆಸೆಯಿತ್ತು. ಎಲ್ಲಿಯ ಶಹಭಾಸ್! "ನಾಳೆಯಿಂದ ತೊಳೆಯುವ ಕೋಣೆ," ಎಂದರು, ಅಷ್ಟೇ. ಮಾಡಿದ್ದುಣ್ಣೋ ಮಹರಾಯ.

ಮನೆಗೆ ಬಂದು ಅತ್ತೆ. ಸಿಟ್ಟಿನಿಂದ ಅತ್ತೆ.

"ಬಾಯಿ ಮುಚ್ಕೊಂಡು ಇರಬಾರದಿತ್ತೇನೇ?" ಎಂದಳು ಅಜ್ಜಿ. ಆಮೇಲೆ ದನಿ ತಗ್ಗಿಸಿ, "ನಿಮ್ಮಪ್ಪಂಗೆ ಹೇಳಬೇಡ. ನಾನೇ ಎಷ್ಟೋ ಸಲ ಮೈಲಿಗೆ ತಗುಲಿದ್ರೂ ಸುಮ್ಮನಿದ್ದುಬಿಟ್ಟಿದ್ದೀನಿ. ಈ ಚಳೀಲಿ ಯಾರು ಎರಡನೇ ಸಲ ಸ್ನಾನ ಮಾಡ್ತಾರೆ? ದೇವರು ಏನೂ ಅಂದ್ಕೊಳ್ಳಲಿಲ್ಲ."

"ದೇವರಿಗೆ ಕೀವು ಆಗಲ್ಲ ಅಜ್ಜಿ," ಎಂದೆ. ಮಡಿ ಇಲಾಖೆಯ ದರೋಗಾ ಇಷ್ಟು ವರ್ಷ ಲಂಚ ತಿಂದಿದ್ದಳೆಂದು ತಿಳಿದು ಅಳುವಿನ ನಡುವೆಯೂ ನಗು ಬಂತು.

ಒಂದೂವರೆ ತಿಂಗಳು ಇಕ್ಕಳಗಳ ಹಲ್ಲು ಉಜ್ಜಿದೆ. ನನ್ನ ಜೊತೆಯವರ ಪುಸ್ತಕಗಳು ತುಂಬುತ್ತಿದ್ದವು. ಪರೀಕ್ಷೆಯ ಆಸೆ ಬಿಟ್ಟಿದ್ದೆ. ಒಂದು ಮಧ್ಯಾಹ್ನ ಸಿಸ್ಟರ್ ಹೊಟ್ಟೆಯ ಬಲಗಡೆ ಒತ್ತಿ ಹಿಡಿದುಕೊಂಡು ತೊಳೆಯುವ ಕೋಣೆಯ ಬಾಗಿಲಿಗೆ ಬಂದು ನಿಂತರು. ಅವರ ಪಿತ್ತಕೋಶದಲ್ಲಿ ಕಲ್ಲಾಗಿರುವುದು ಆಸ್ಪತ್ರೆಗೆಲ್ಲ ಗೊತ್ತಿತ್ತು.

"ನಾಳೆ ಎಂಟು ಗಂಟೆಗೆ ಟೇಬಲ್ಲಿಗೆ ನೀನು ನಿಲ್ಲು. ಪುಸ್ತಕವನ್ನೂ ತಾ."

"ಯಾರ ಕೇಸು ಸಿಸ್ಟರ್?"

"ನಂದು."

"ನನಗಿಂತ ಕೈ ಚುರುಕಾದವರು ಇದ್ದಾರಲ್ಲ," ಎಂದೆ.

"ಇದ್ದಾರೆ, ನಾಲ್ಕು ಜನ. ಚುರುಕು ಯಾರಿಗೆ ಬೇಕು? ನಾಳೆ ನನಗೆ ಪ್ರಜ್ಞೆ ಇರಲ್ಲ, ಕಾವಲು ಕಾಯೋಕಾಗಲ್ಲ. ಯಾರೂ ನೋಡದಿದ್ರೂ ಬಾಯಿ ಬಿಡೋಳು ಒಬ್ಬಳು ಅಲ್ಲಿರಬೇಕು."

ಮರುದಿನ ಬೆಳಿಗ್ಗೆ ನಲ್ಲಿಯ ಮುಂದೆ ನಿಂತು ಕೈ ಉಜ್ಜುತ್ತಿದ್ದಾಗ ಕಣ್ಣು ತುಂಬಿ ಬಂತು. ಒರೆಸಿಕೊಳ್ಳುವ ಹಾಗಿಲ್ಲ. ಗೌನು, ಗ್ಲೌಸು ತೊಟ್ಟ ಮೇಲೂ ಕಣ್ಣೀರು ನಿಲ್ಲಲಿಲ್ಲ. ಒಳಗೆ ಸಿಸ್ಟರ್ ಅಂಗಾತ ಮಲಗಿಕೊಂಡೇ ದೀಪ ಸರಿ ಮಾಡುವವನನ್ನು ಬೈಯುತ್ತಿದ್ದರು. ಪಾನ್ ಇಲ್ಲದ ಅವರ ಬಾಯಿ ತುಂಬಾ ಚಿಕ್ಕದಾಗಿ ಕಂಡಿತು. ಅರಿವಳಿಕೆ ಡಾಕ್ಟರು ಸೂಜಿ ಸಿದ್ಧ ಮಾಡುತ್ತಿದ್ದಂತೆ ಸಿಸ್ಟರ್ ನನ್ನ ಕಡೆ ತಿರುಗಿದರು.

"ಅಳ್ತಿದ್ದೀಯಾ?"

"ಹೌದು ಸಿಸ್ಟರ್. ಮಾಸ್ಕೂ ಒದ್ದೆಯಾಗಿ ಕೆಟ್ಟಿದೆ."

"ಹಾಗಾದ್ರೆ ಹೋಗು, ಬದಲಾಯಿಸಿ, ಮತ್ತೆ ಮೊದಲಿನಿಂದ ತೊಳೆದು ಬಾ," ಎಂದರು. "ನಾನೇನು ಓಡಿಹೋಗಲ್ಲ."