ಅಪ್ಪನ ಅಂಗಿಗೆ ಬೆಂಕಿ ಹತ್ತಿದ ಸಂಜೆ

ನಮ್ಮ ಮನೆಯಿಂದ ಯಾರೂ ಬಿ.ಎ. ಆಗುವುದಿಲ್ಲ ಎಂದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಹಳಿಯಾಳದ ಕಾಲೇಜಿಗೆ ನನ್ನ ಹೆಸರು ಹಚ್ಚಿದ ದಿನವೇ ಅಂದಿದ್ದಳು: "ಹೆಬ್ಬಟ್ಟಿನ ಮನಿತನ ನಮ್ಮದು. ಪೆನ್ನ ಹಿಡದ್ರ ಕೈ ಸುಡತೈತಿ."

"ಸುಟ್ರ ನೀನ ಬಂದು ಎಣ್ಣಿ ಹಚ್ಚಬೇ ಅಕ್ಕಾ," ಎಂದು ಅಪ್ಪ ನಕ್ಕಿದ್ದ.

ಅತ್ತೆಯ ಮಗನಿಗೆ ನನ್ನನ್ನು ಕೊಡುವ ಮಾತು ನಾನು ತೊಟ್ಟಿಲಲ್ಲಿದ್ದಾಗಲೇ ಆಗಿತ್ತು. ಅದನ್ನು ತಡೆದು ನಿಲ್ಲಿಸಿದ್ದವನು ಅಪ್ಪನೊಬ್ಬನೇ.

ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಅಪ್ಪ ಊರಲ್ಲಿರಲಿಲ್ಲ. ಬೇಸಿಗೆಯಲ್ಲಿ ಗೋವಾಕ್ಕೆ ದುಡಿಯಲು ಹೋಗಿದ್ದ. ಸಾಂಬ್ರಾಣಿಯ ನಮ್ಮ ಮನೆಗೆ ಅವನ ಸುದ್ದಿ ಬರುತ್ತಿದ್ದದ್ದು ಆ ಕಡೆಯ ಬಸ್ಸಿನ ಕಂಡಕ್ಟರನ ಬಾಯಿಂದ: "ಅರಾಮ ಅದಾನ್ರಿ, ಮೀನಾ ತಿಂದು ದಪ್ಪ ಆಗ್ಯಾನ." ಮಳೆ ಹಿಡಿದ ಮೇಲೆ ಕಂಡಕ್ಟರ್ ಬರೀ ತಲೆಯಾಡಿಸತೊಡಗಿದ. ಆಮೇಲೆ ನಮ್ಮ ಮುಖ ನೋಡುವುದನ್ನೂ ಬಿಟ್ಟ. ದೀಪಾವಳಿಗೂ ಅಪ್ಪ ಬರಲಿಲ್ಲ. ಅಭ್ಯಂಜನಕ್ಕೆ ಅವನ ಪಾಲಿನ ಎಣ್ಣೆಯನ್ನು ಅವ್ವ ಬಟ್ಟಲಲ್ಲಿ ತೆಗೆದಿಟ್ಟಳು. ಅತ್ತೆ ಬಂದು ಆ ಬಟ್ಟಲನ್ನು ಮೂಲೆಗೆ ಸರಿಸಿಟ್ಟಳು. ಅದೇ ನನಗೆ ಅಂಜಿಕೆ ಹುಟ್ಟಿಸಿತು.

ಅದೇ ಹೊತ್ತಿಗೆ ಇಂಗ್ಲಿಷ್ ಮಾಸ್ತರರು ಬಾನ್‌ಫೈರ್ ನೈಟ್‌ನ ಪಾಠ ತೆಗೆದರು. ಬ್ರಿಟನ್ನಿನಲ್ಲಿ ಹಿಂದೊಮ್ಮೆ ಪಾರ್ಲಿಮೆಂಟನ್ನು ಅರಸನ ಸಮೇತ ಹಾರಿಸಲು ನೆಲಮಾಳಿಗೆಯಲ್ಲಿ ಮದ್ದು ತುಂಬಿಟ್ಟವರು ಸಿಕ್ಕಿಬಿದ್ದರಂತೆ. ಆ ನೆನಪಿಗೆ ಈಗಲೂ ನವೆಂಬರ್ ಐದಕ್ಕೆ ಹುಲ್ಲಿನ ಮನುಷ್ಯನಿಗೆ ಹಳೇ ಬಟ್ಟೆ ತೊಡಿಸಿ, ದೊಡ್ಡ ಬೆಂಕಿಯಲ್ಲಿ ಸುಟ್ಟು ಪಟಾಕಿ ಹಾರಿಸುತ್ತಾರಂತೆ.

"ಅಯ್ಯ, ಇಂವ ನಮ್ಮ ಕಾಮಣ್ಣನ ಅಲ್ರಿ ಸರ!" ಎಂದ ಹಿಂದಿನ ಬೆಂಚಿನವನೊಬ್ಬ.

"ಕಾಮಣ್ಣ ಹೋಳಿ ಹುಣ್ಣಿವಿಗೆ ಉರೀತಾನ, ಇಂವ ಚಳಿ ಬೀಳೂ ಮುಂದ. ಒಮ್ಮೆ ಮಾಡಿ ನೋಡ್ರಿ, ಪರೀಕ್ಷಾದಾಗ ಮರಿಯೂದಿಲ್ಲ," ಎಂದರು ಮಾಸ್ತರರು.

ಅಂಗಿ ತರುವ ಪಾಳಿ ನನಗೆ ಬಂತು. ಗೋವಿನಜೋಳದ ಹೊಲದಲ್ಲಿ ಮಳೆಗಾಲವಿಡೀ ಬೆದರುಬೊಂಬೆಯ ಮೈಮೇಲಿದ್ದ ಅಪ್ಪನ ಹಳೇ ಅಂಗಿಯನ್ನು ಅವ್ವನೇ ಬಿಚ್ಚಿ ಕೊಟ್ಟಳು. ಜೇಬಿಗೆ ಅವಳೇ ಹಚ್ಚಿದ ಕೆಂಪು ತೇಪೆ ಇತ್ತು. "ಹಂದಿ ಅಂಜಿಸಿದ್ದಾತು. ಇನ್ನ ನಿಮ್ಮ ಇಂಗ್ಲಿಷರನ್ನ ಅಂಜಸಲಿ," ಎಂದಳು.

ಇನ್ನೂ ಬೆಳಕಿದ್ದಾಗಲೇ ಕಾಲೇಜಿನ ಬಯಲಿನಲ್ಲಿ ಬೆಂಕಿ ಹಚ್ಚಿದೆವು. ದೀಪಾವಳಿಯಲ್ಲಿ ಉಳಿದಿದ್ದ ಪಟಾಕಿ ಸಿಡಿದವು. ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ಹುಲ್ಲಿನ ಮನುಷ್ಯ ಉರಿಯುವುದನ್ನು ಕಂಡ ಹುಡುಗರ ಕೈ ರೂಢಿಯಂತೆ ಬಾಯಿಗೆ ಹೋಯಿತು. "ಲಬೋ ಲಬೋ" ಎಂದು ಬಾಯಿ ಬಡಿದುಕೊಂಡರು. ಹೋಳಿಯಲ್ಲಿ ಅದು ಚೇಷ್ಟೆ. ಉಳಿದ ದಿನಗಳಲ್ಲಿ ನಮ್ಮ ಕಡೆ ಹಾಗೆ ಬಾಯಿ ಬಡಿದುಕೊಳ್ಳುವುದು ಹೆಣದ ಮುಂದೆ ಮಾತ್ರ.

ಸಂತೆ ಮುಗಿಸಿ ಹೊರಟಿದ್ದವರು ರಸ್ತೆಯಲ್ಲೇ ನಿಂತರು. ಒಬ್ಬ ಮುದುಕ ತಲೆಯ ರುಮಾಲು ತೆಗೆದ. ಅವನ ಪಕ್ಕದಲ್ಲಿ ಅತ್ತೆ ನಿಂತಿದ್ದಳು. ಬೆಂಕಿ ಕೆಂಪು ತೇಪೆಗೆ ಹತ್ತಿದ್ದನ್ನು ನಾನು ನೋಡಿದೆ, ಅವಳೂ ನೋಡಿದಳು. ಕೂಗಿದೆ. ಅವಳು ತಿರುಗಿ ನೋಡದೆ ಬಸ್ಸಿನ ಕಡೆ ನಡೆದುಬಿಟ್ಟಳು.

ಮುಂದಿನ ಬಸ್ಸಿಗೆ ನಾನು ಊರು ಮುಟ್ಟಿದಾಗ ನಮ್ಮ ಕಟ್ಟೆಯ ತುಂಬ ಮಂದಿ. ನನಗೆ ದಾರಿ ಬಿಟ್ಟು ಸರಿದರು. ಒಳಗೆ ಒಲೆ ಹೊತ್ತಿರಲಿಲ್ಲ. ಹೆಣ ಸಿಗದಿದ್ದರೆ ಹುಲ್ಲಿನ ಮನುಷ್ಯನನ್ನು ಕಟ್ಟಿ, ಸತ್ತವನ ಬಟ್ಟೆ ತೊಡಿಸಿ ಸುಡುವ ಪದ್ಧತಿ ನಮ್ಮಲ್ಲಿ ಉಂಟು. ಅತ್ತೆಯ ಲೆಕ್ಕದಲ್ಲಿ ಅವಳ ತಮ್ಮನ ಮಣ್ಣು ಮುಗಿದಿತ್ತು.

"ಮಗಳ ಕೈಲೇ ಬೆಂಕಿ ಬಿತ್ತು," ಎಂದಳು ಅವ್ವನಿಗೆ. "ಇನ್ನ ಬಳಿ ತಗಿ. ವರ್ಷದೊಳಗ ಹುಡುಗೀ ಮದವಿ ಆಗಬೇಕು. ಇಲ್ಲಂದ್ರ ಅವನ ಜೀವಕ್ಕ ಶಾಂತಿ ಇಲ್ಲ."

ಅವ್ವ ಕುಂಕುಮವಿದ್ದ ಹಣೆಯನ್ನು ಎತ್ತಿಯೇ ಮಾತಾಡಿದಳು. "ಆ ಅಂಗಿ ಮಳಿಗಾಲ ಪೂರಾ ಬೆದರುಬೊಂಬಿ ಮೈಮ್ಯಾಲ ಇತ್ತು ಅಕ್ಕಾರ. ಆಗ ಯಾರೂ ಅದನ್ನ ನನ್ನ ಗಂಡ ಅನ್ನಲಿಲ್ಲ. ಸುಟ್ಟ ಮ್ಯಾಲೆ ಹೆಂಗ ಗಂಡ ಆತು?"

ಕಟ್ಟೆಯ ಮೇಲೆ ಯಾರೋ ನಕ್ಕು, ಅಲ್ಲೇ ಕೆಮ್ಮಿ ಮುಚ್ಚಿಕೊಂಡರು.

"ಹುಚ್ಚೀ, ಆರು ತಿಂಗಳಾತು ಹೋಗಿ!" ಎಂದಳು ಅತ್ತೆ.

"ಹೆಣಾ ಬರ್ಲಿ, ಆಮ್ಯಾಗ ಬಳಿ ಒಡೀತೇನಿ. ಅಲ್ಲೀತನಕ ಆಕೀ ಅಪ್ಪ ಹೇಳಿದ್ದ ಮಾತು ನಡೀತೈತಿ. ಕಾಲೇಜಿಗೆ ಹೋಗ್ತಾಳ."

ಅವ್ವ ಎದ್ದು ಒಲೆ ಹೊತ್ತಿಸಿದಳು. ಕಟ್ಟಿಗೆ ಮುರಿದಾಗಲೆಲ್ಲ ಅವಳ ಬಳೆ ಸದ್ದಾಗುತ್ತಿತ್ತು.

ಆ ಚಳಿಗಾಲ ನಾನು ಓದಿದ್ದು ಆ ಸದ್ದನ್ನು ಕೇಳುತ್ತಲೇ. ಅದು ಕೇಳುವವರೆಗೂ ನಾನು ವಿದ್ಯಾರ್ಥಿನಿ. ನಿಂತರೆ ಅತ್ತೆಯ ಸೊಸೆ. ಗೋವಾ ಕಡೆಯ ಬಸ್ಸು ಬಂದಾಗಲೆಲ್ಲ ಅವ್ವ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದಳು. ನಾನು ಮಾತ್ರ ಆ ಬಸ್ಸು ನಮ್ಮಲ್ಲಿ ನಿಲ್ಲದಿರಲಿ ಎಂದುಕೊಳ್ಳುತ್ತಿದ್ದೆ. ಅಪ್ಪನ ಬದಲು ಬೇರೇನಾದರೂ ಇಳಿದರೆ?

ಪರೀಕ್ಷೆಯಲ್ಲಿ ಬಾನ್‌ಫೈರ್ ನೈಟ್‌ನ ಪ್ರಶ್ನೆ ಬರಲೇ ಇಲ್ಲ. ನಾನು ಪಾಸಾದೆ. ಈಗಲೂ ಬಿ.ಎ. ಅಂತ ಬರೆಯುವಾಗ ನನ್ನ ಬೆನ್ನು ನೆಟ್ಟಗಾಗುತ್ತದೆ.

ಸರ್ಟಿಫಿಕೇಟು ತಂದ ದಿನ ಅತ್ತೆ ನಮ್ಮ ಮನೆಯಲ್ಲಿದ್ದಳು. ಅವ್ವ ಅದನ್ನು ಒಮ್ಮೆ ಎದೆಗೆ ಒತ್ತಿಕೊಂಡು, "ಮೊದಲ ಅಕ್ಕಾರ ಕೈಗೆ ಕೊಡು," ಎಂದಳು. ಕೊಟ್ಟೆ. ಅಕ್ಷರ ಬಾರದ ಅತ್ತೆ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದರಾಗ ನನ್ನ ತಮ್ಮನ ಹೆಸರೈತೇನ?"

"ಐತ್ರಿ ಅತ್ತಿ. ನನ್ನ ಹೆಸರಿನ ಬಾಜೂಕನ ಐತಿ."

"ಮುಂದ ದಿವಂಗತ ಅಂತ ಹಾಕ್ಯಾರೇನ?"

"ಇಲ್ರಿ."

ಹೆಬ್ಬೆರಳಿನಿಂದ ಆ ಸಾಲನ್ನು ಸವರಿ, ಅತ್ತೆ ಅದನ್ನು ನನ್ನ ಕೈಗಿಟ್ಟಳು.

"ಹಂಗಾರ ಒಲಿಯಿಂದ ದೂರ ಇಡು ಇದನ್ನ."